ಒಪ್ಪಿಸುವದೂ ಒಡಂಬಡಿಸುವದೂ

ಇಂಗ್ಲಿಷಿನ 'ಪರ್ಸ್ವೇಡ್' ಎಂಬ ಕ್ರಿಯಾಪದಕ್ಕೆ 'ಒಡಂಬಡಿಸು', 'ಮನವೊಲಿಸು' ಎಂಬ ಅರ್ಥಗಳನ್ನು ನಮ್ಮ ಹುಡುಗಿಯರು ಕಲಿಯುತ್ತಾರೆ. ಆದರೂ "ಗೆಳತಿಯನ್ನು ಪರ್ಸ್ವೇಡ್ ಮಾಡಿದೆನು, ಅವಳು ಬರಲಿಲ್ಲ" ಎಂಬರ್ಥದ ವಾಕ್ಯವನ್ನು ಬರೆಯುವವರುಂಟು. ಇದು ತಪ್ಪು. ಆ ಪದದಲ್ಲಿ ಪ್ರಯತ್ನವಷ್ಟೇ ಅಲ್ಲ, ಫಲವೂ ಅಡಗಿದೆ. ಗೆಳತಿಯು ಒಪ್ಪಿ ಹೊರಟರೆ ಮಾತ್ರ ಅದು ಸಲ್ಲುವದು. ಇಲ್ಲವಾದರೆ 'ಪ್ರಯತ್ನಿಸಿದೆನು' ಎಂದು ಸೇರಿಸಬೇಕು. ಅದರ ನೆರೆಯ ಪದವಾದ 'ಕನ್ವಿನ್ಸ್' ಎಂಬದು ಬುದ್ಧಿಗೆ ಸತ್ಯವನ್ನು ಮನಗಾಣಿಸುವದು. 'ಪರ್ಸ್ವೇಡ್' ಎಂಬದು ಮನಸ್ಸನ್ನು ಕಾರ್ಯಕ್ಕೆ ತಿರುಗಿಸುವದು. ಈಗಿನ ಬಳಕೆಯಲ್ಲಿ ಈ ಭೇದವು ಮಸುಕಾಗಿದ್ದರೂ ಮರೆಯತಕ್ಕದ್ದಲ್ಲ.

ಈ ಪದದ ಲ್ಯಾಟಿನ್ ಮೂಲವು ಮಾಧುರ್ಯವನ್ನು ಸೂಚಿಸುವ ಪದಕ್ಕೆ ಸಂಬಂಧಪಟ್ಟದ್ದು. ನಮ್ಮ 'ಮನವೊಲಿಸು'ವಿನಲ್ಲಿಯೂ ಒಲವಿದೆ. ಸತ್ಯವೇದದ ಎರಡು ಭಾಗಗಳಿಗೂ 'ಒಡಂಬಡಿಕೆ' ಎಂದೇ ಹೆಸರು. ಒಡಂಬಡಿಕೆಗೆ ಇಬ್ಬರು ಬೇಕು. ಅಪೊಸ್ತಲರ ಕೃತ್ಯಗಳ 26ನೆಯ ಅಧ್ಯಾಯದಲ್ಲಿ ಅಗ್ರಿಪ್ಪರಾಜನು ಪೌಲನಿಗೆ ಕೊಟ್ಟ ಉತ್ತರದಲ್ಲಿ, 1611ರ ಇಂಗ್ಲಿಷ್ ಭಾಷಾಂತರಕಾರರು ಬಳಸಿದ್ದು ಇದೇ ಪದವನ್ನು. ಬೇಡಿ ಬಿದ್ದವನು ರಾಜನನ್ನು ಬಲಾತ್ಕರಿಸಲಾರನು. ಅವನಿಗಿದ್ದದ್ದು ಮಾತೊಂದೇ.

ನಮ್ಮ ಮನೆಗಳಲ್ಲಿ ಬಲವು ಯಾರ ಕೈಯಲ್ಲಿದೆ? ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಮಗಳ ಶಾಲೆಯನ್ನೂ ಬಿಡಿಸುವವರಿದ್ದಾರೆ. ರಾಯಚೂರು ನಗರದಲ್ಲಿಯೂ ಲಗ್ನ ನಿಶ್ಚಯಿಸಿ "ಮಗಳನ್ನು ಒಪ್ಪಿಸಿದೆವು" ಎನ್ನುವವರಿದ್ದಾರೆ. ಅವಳು ಅತ್ತು ಸುಮ್ಮನಾದದ್ದು ಒಪ್ಪಿಗೆಯೇ? ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ನಿಷೇಧಿಸಿದೆ. ಅಲ್ಲಿ ಒಪ್ಪಿಗೆಯ ಮಾತೇ ಸಲ್ಲದು. ಹದಿನೆಂಟು ತುಂಬಿದ ಮೇಲೂ "ಬೇಡ" ಎನ್ನಲು ಅವಳಿಗೆ ಎಡೆಯಿಲ್ಲದಿದ್ದರೆ "ಹೂಂ" ಎಂದದ್ದಕ್ಕೆ ಬೆಲೆಯಿಲ್ಲ. ಧರ್ಮಬೋಧನೆಗೂ ಇದೇ ನಿಯಮವೆಂಬದನ್ನು ಮಿಷನ್ ಶಾಲೆಯವರಾದ ನಾವು ಮೊದಲು ಒಪ್ಪಬೇಕು.

ತಂದೆತಾಯಿಗಳೇ, ಮಗಳಿಗೆ ಕಾರಣವನ್ನು ಹೇಳಿರಿ. ಅವಳ ಕಾರಣವನ್ನೂ ಕೇಳಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸ್ತ್ರೀಯರೊಳಗೆ ಅಕ್ಷರಸ್ಥರು ಅರ್ಧದಷ್ಟೂ ಇರಲಿಲ್ಲ. ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳಿದ್ದರೆ ಅವಳ ಹೆತ್ತವರ ಬಳಿಗೆ ಹೋಗಿರಿ. "ಹೇಳಿದೆವು, ಕೇಳಲಿಲ್ಲ" ಎಂದು ಒಂದೇ ಸಲಕ್ಕೆ ಹಿಂದಿರುಗಬೇಡಿರಿ. ಅವಳು ಪುನಃ ತರಗತಿಯಲ್ಲಿ ಕುಳಿತ ದಿನವೇ ಆ ಕ್ರಿಯಾಪದವನ್ನು ನೀವು ಸರಿಯಾಗಿ ಪ್ರಯೋಗಿಸಿದಂತಾಗುವದು.