ಎತ್ತಿನ ಹೆಗಲು ಮತ್ತು ತೂಕದ ಚೀಟಿ

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಸಕ್ಕರೆ ಕಾರ್ಖಾನೆಯ ದಾರಿಯುದ್ದಕ್ಕೂ ಗಾಡಿಗಳ ಸಾಲು. ನೋಡಿ ನೋಡಿ ನಮ್ಮ ಕಣ್ಣಿಗೆ ಅದು ರೂಢಿಯಾಗಿಬಿಟ್ಟಿದೆ. ಆಳೆತ್ತರ ಮೀರಿ ಹೇರಿದ ಕಬ್ಬು, ಅದರ ಮುಂದೆ ಕಾಲು ನಡುಗಿಸುತ್ತ ನಿಂತ ಜೋಡಿ, ನೊಗ ಉಜ್ಜಿ ಉಜ್ಜಿ ಚರ್ಮ ಕಿತ್ತ ಹೆಗಲ ಮೇಲೆ ಮುತ್ತಿದ ನೊಣ. ಏರು ಬಂದರೆ ಗಾಡಿಯವನು ಬಾಲ ತಿರುಚುತ್ತಾನೆ. ಅದಕ್ಕೂ ಜಗ್ಗದಿದ್ದರೆ ಮೊಳೆ ಹೊಡೆದ ಕೋಲಿನಿಂದ ತಿವಿಯುತ್ತಾನೆ. ಪೇಟೆಯ ಸಭ್ಯರು ‘ಎಂಥ ಕಟುಕನಯ್ಯಾ’ ಎಂದು ಬೈದು ಮುಂದೆ ಹೋಗುತ್ತಾರೆ.

ಬೈಯುವುದು ಸುಲಭ. ಆದರೆ ಅಷ್ಟು ಹೊರೆ ಹೇರಿಸಿದವರು ಯಾರು? ಗಾಡಿಯವನಿಗೆ ಕೂಲಿ ಸಿಗುವುದು ಟನ್ನಿನ ಲೆಕ್ಕದಲ್ಲಿ. ಎತ್ತು ಕೊಳ್ಳಲು ಮುಂಗಡ ಪಡೆದ ಸಾಲ ತಲೆಯ ಮೇಲಿದೆ. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಅರ್ಧ ದಿನ, ಕೆಲವೊಮ್ಮೆ ಇಡೀ ರಾತ್ರಿ ಕಾಯಬೇಕು. ಕಾದ ಹೊತ್ತಿಗೆ ಕಾಸಿಲ್ಲ. ಎರಡು ಖೇಪು ಹೊಡೆಯಬೇಕಾದ ದಿನದಲ್ಲಿ ಒಂದೇ ಖೇಪಿಗೆ ಅವಕಾಶವಾದರೆ ಅವನು ಎರಡರ ಹೊರೆಯನ್ನು ಒಂದಕ್ಕೇ ಹೇರದೆ ಏನು ಮಾಡಿಯಾನು? ಹಾಗೆಂದು ಮೊಳೆಕೋಲನ್ನು ನಾವು ಸಮರ್ಥಿಸುವುದಿಲ್ಲ. ಬಡತನವು ತಿವಿತದ ನೋವನ್ನು ಎತ್ತಿಗೆ ಕಡಿಮೆ ಮಾಡುವುದಿಲ್ಲ.

ಕಾಯಿದೆ ಇಲ್ಲವೆ? ಇದೆ. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿ, ಸರ್ಕಾರವೇ ಮಸೂದೆ ತರುವುದೆಂಬ ಭರವಸೆಯ ಮೇಲೆ ಅದನ್ನು ಹಿಂತೆಗೆದುಕೊಂಡರು. ಅದರ ಫಲ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ. ಅದರಡಿ 1965ರಲ್ಲಿ ಮಾಡಿದ ನಿಯಮಗಳನ್ನು ಓದಿದರೆ ಓದುಗರಿಗೆ ಆಶ್ಚರ್ಯವಾದೀತು. ದಿನಕ್ಕೆ ಒಂಬತ್ತು ಗಂಟೆ ಮೀರಿ ಎತ್ತನ್ನು ಹೂಡಬಾರದು, ಉಷ್ಣತೆ 37 ಡಿಗ್ರಿ ದಾಟುವ ಕಡೆ ನಡುಹಗಲು ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು, ಮೊಳೆಕೋಲು ನಿಷಿದ್ಧ. ದೊಡ್ಡ ಎತ್ತಿನ ಎರಡು ಚಕ್ರದ ಗಾಡಿಗೆ, ಬಾಲ್ ಬೇರಿಂಗ್ ಇದ್ದರೂ, 1,800 ಕಿಲೋಗಿಂತ ಹೆಚ್ಚು ಹೇರಬಾರದು. ಗಾಳಿ ತುಂಬಿದ ಟೈರಿಲ್ಲದಿದ್ದರೆ 900 ಕಿಲೋ ಮಾತ್ರ. ಈ ಲೆಕ್ಕ ಎಷ್ಟು ಮಂದಿ ಗಾಡಿಯವರಿಗೆ ಗೊತ್ತು? ಅವರ ಮಾತಿರಲಿ, ಪಾಠಶಾಲೆಯಲ್ಲಿ ಮಕ್ಕಳಿಗೆ ಗೋವಿನ ಮೇಲೆ ಪ್ರಬಂಧ ಬರೆಸುತ್ತಿದ್ದ ಕಾಲದಲ್ಲಿ ನಮಗೂ ಗೊತ್ತಿರಲಿಲ್ಲ.

ತಪ್ಪಿದರೆ ದಂಡವೇನು? ಮೊದಲ ತಪ್ಪಿಗೆ ಕಾಯಿದೆ ಇಟ್ಟ ಮಿತಿ ಐವತ್ತು ರೂಪಾಯಿ! ಕಾಯಿದೆಯ ಶಿಕ್ಷೆಗಳು ಸಾಲವೆಂದು 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡನ್ನು ಪ್ರಕಟಿಸಿತು. ದಂಡ ಏರಲಿ, ನಮ್ಮ ತಕರಾರಿಲ್ಲ. ಆದರೆ ಅದನ್ನು ಕಟ್ಟುವವನು ಮತ್ತೆ ಅದೇ ಗಾಡಿಯವನೇ ಆದರೆ, ದಂಡದ ಹಣಕ್ಕೂ ಸೇರಿಸಿ ಮರುದಿನ ಇನ್ನಷ್ಟು ಹೇರಿಯಾನು. 1965ರ ನಿಯಮಗಳು ಎತ್ತನ್ನು ಹೂಡಿದವನನ್ನಷ್ಟೇ ಅಲ್ಲ, ಹೂಡುವಂತೆ ಮಾಡಿದವನನ್ನೂ ಹೊಣೆ ಮಾಡುತ್ತವೆ. ಆ ಮಾತನ್ನು ಅಧಿಕಾರಿಗಳು ಏಕೆ ಮರೆತರು?

ಸಾಕ್ಷಿ ಸಿಗುವುದಿಲ್ಲವೆಂಬ ನೆಪ ಇಲ್ಲಿ ನಡೆಯದು. ಕಾರ್ಖಾನೆಯ ಬಾಗಿಲಲ್ಲಿ ಪ್ರತಿಯೊಂದು ಗಾಡಿಯೂ ತೂಕವಾಗುತ್ತದೆ; ಪ್ರತಿಯೊಂದಕ್ಕೂ ಚೀಟಿ ಹರಿದುಕೊಡುತ್ತಾರೆ. ಅತಿಹೊರೆಯ ಕಿಲೋ ಕಿಲೋ ಲೆಕ್ಕ ಕಾರ್ಖಾನೆಯ ಪುಸ್ತಕದಲ್ಲೇ, ಅವರ ಗುಮಾಸ್ತರ ಕೈಬರಹದಲ್ಲೇ ಇರುತ್ತದೆ. ಕಬ್ಬಿನ ತೂಕಕ್ಕೆ ಒಪ್ಪುವ ಚೀಟಿ ಎತ್ತಿನ ಹೊರೆಗೆ ಸಾಕ್ಷಿಯಾಗದೆ?

ಕೆಲವು ಸಂಗಾತಿಗಳು ನಗುತ್ತಾರೆ: ಮನುಷ್ಯನ ಹೊಟ್ಟೆಗೇ ಇಲ್ಲದಾಗ ಎತ್ತಿನ ಚಿಂತೆಯೇ ಎಂದು. ಅವರಿಗೊಂದು ಮಾತು. ಎತ್ತು ಕುಂಟಾದರೆ ಆ ಮನೆಯ ದುಡಿಮೆಯೇ ಕುಂಟಾಯಿತು, ಸಾಲ ಮಾತ್ರ ನಿಂತಿತು. ಆದರೆ ಇಷ್ಟನ್ನೇ ಹೇಳಿದರೆ ನಾವೂ ಎತ್ತನ್ನು ಯಂತ್ರವೆಂದು ಎಣಿಸಿದಂತಾಯಿತು. ಅದಕ್ಕೆ ನೋಯುತ್ತದೆ, ಅಷ್ಟು ಕಾರಣ ಸಾಕು.

ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. ಹಿಂದಿನ ಹಂಗಾಮಿನಲ್ಲಿ ನಾವು ಹಂಚಿದ ಕರಪತ್ರದಲ್ಲಿ ಟನ್ನಿನ ದರ ಏರಿಸಿರೆಂದು ಮಾತ್ರ ಕೇಳಿದ್ದೆವು. ದರ ಏರಿದರೆ ಹೇರುವ ಆಸೆಯೂ ಏರುತ್ತದೆಂಬುದು ಹೊಳೆಯಲಿಲ್ಲ. ವಯಸ್ಸಾದ ಒಬ್ಬ ಗಾಡಿಯವರು ಕರಪತ್ರ ಓದಿಸಿಕೊಂಡು ‘ಮೇಷ್ಟ್ರೇ, ಇದರಲ್ಲಿ ನನ್ನ ಎತ್ತಿಗೆ ಏನು ಬರೆದಿದ್ದೀರಿ?’ ಎಂದು ಕೇಳಿದಾಗ ನಮ್ಮ ಬಾಯಿ ಕಟ್ಟಿತು.

ಆದ್ದರಿಂದ ಈ ಸಲ ನಾವು ಕೇಳುವುದು ಬೇರೆ. ಕೂಲಿಯನ್ನು ಖೇಪು ಮತ್ತು ದೂರದ ಮೇಲೆ ಗೊತ್ತುಮಾಡಬೇಕು. ಕಾನೂನಿನ ಮಿತಿಯ ಹೊರೆಗೇ ಗಾಡಿಯವನ ಸಂಸಾರ ನಡೆಯುವಂತಿರಬೇಕು. ಕಾದ ಹೊತ್ತಿಗೆ ಭತ್ಯೆ ಕೊಡಬೇಕು. ಅಂಗಳದಲ್ಲಿ ನೆರಳೂ ನೀರಿನ ತೊಟ್ಟಿಯೂ ಬೇಕು. ಹಂಗಾಮು ಮುಗಿಯುವವರೆಗೆ ಪಶುವೈದ್ಯರು ಅಲ್ಲಿಗೆ ಬರಬೇಕು. ಬೆಂಗಳೂರಿನ ಐ.ಐ.ಎಂ.ನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ದುಡಿದರು. ಹೆಗಲು ಕೊರೆಯದ ನೊಗ ಮಾಡುವುದು ಕಷ್ಟದ ವಿದ್ಯೆಯೇನಲ್ಲ. ಅದನ್ನು ಕೊಳ್ಳಲು ಗಾಡಿಯವನ ಕೈಯಲ್ಲಿ ಹಣವಿಲ್ಲ. ಆ ಖರ್ಚನ್ನು ಕಾರ್ಖಾನೆ ಹೊರಲಿ.

ಗಾಡಿ ಹೊಡೆಯುವ ಬಂಧುಗಳು ತಮ್ಮ ತೂಕದ ಚೀಟಿಗಳನ್ನು ಎಸೆಯದೆ ಕೂಡಿಟ್ಟು ಪಕ್ಷದ ಕಚೇರಿಗೆ ತರಬೇಕು. ಅವರ ಹೆಸರು ನಾವು ಹೊರಗೆಡಹುವುದಿಲ್ಲ. ಚೀಟಿಗಳ ಲೆಕ್ಕ ತೆಗೆದು ಜಿಲ್ಲಾಧಿಕಾರಿಗಳ ಮುಂದಿಡುತ್ತೇವೆ. ಮೊಳೆಕೋಲು ಇಟ್ಟುಕೊಂಡವರು ಅದನ್ನೂ ಜೊತೆಗೇ ತಂದು ನಮ್ಮ ಕಚೇರಿಯಲ್ಲಿ ಬಿಟ್ಟುಹೋಗಲಿ.