ಕುರುಹು ನೋಡಿ ಕರೆಯುವವರು

ಆದ್ಯ ವಚನಕಾರರೆಂದು ಗೌರವಿಸಲ್ಪಡುವ ಮುದನೂರಿನ ಜೇಡರ ದಾಸಿಮಯ್ಯನವರು ಒಂದು ವಚನದಲ್ಲಿ, ಲೋಕವು ದೇಹದ ಗುರುತುಗಳನ್ನು ಕಂಡು ಒಬ್ಬರಿಗೆ ಹೆಣ್ಣೆಂದೂ ಇನ್ನೊಬ್ಬರಿಗೆ ಗಂಡೆಂದೂ ಹೆಸರಿಡುತ್ತದೆ, ಒಳಗಿನ ಆತ್ಮಕ್ಕಾದರೋ ಆ ಎರಡೂ ಸಲ್ಲವು ಎಂಬ ಅರಿವನ್ನು ಮುಂದಿಟ್ಟಿದ್ದಾರೆ. ಪ್ರವಚನದಲ್ಲಿ ಈ ವಚನಕ್ಕೆ ತಲೆದೂಗದವರು ವಿರಳ. ಆದರೆ ಪೀಣ್ಯದ ಕಾರ್ಖಾನೆಯಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿಯೋ ದುಡಿಯುವ ಮಗನು ‘ನಾನು ಮಗಳು’ ಎಂದು ಮನೆಯಲ್ಲಿ ತಿಳಿಸಿದಾಗ, ಅದೇ ವಚನವು ತಡೆಗೋಡೆಯಾಗಿಬಿಡುತ್ತದೆ. ‘ಆತ್ಮಕ್ಕೆ ಭೇದವಿಲ್ಲವೆಂದ ಮೇಲೆ ಉಡುಪು, ಕೂದಲು, ಹೆಸರು ಬದಲಿಸುವ ಹಂಬಲವೇಕೆ?’ ಎಂದು ಹಿರಿಯರು ಕೇಳುತ್ತಾರೆ. ಈ ಪ್ರಶ್ನೆಯನ್ನು ಸಾವಧಾನದಿಂದ ಪರಿಶೀಲಿಸುವುದು ಅಗತ್ಯ.

ಲಿಂಗಪರಿವರ್ತನೆಯು ಒಂದೇ ದಿನದಲ್ಲಿ ಮುಗಿಯುವ ಕಾರ್ಯವಲ್ಲ. ಉತ್ತರ ಕರ್ನಾಟಕದ ಜೋಗತಿ ಪರಂಪರೆಯಲ್ಲಿ ದೇವಿಯ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡವರಿಗೆ ಸೀರೆ, ಬಳೆಗಳೊಡನೆ ಹೊಸ ಬಾಳೇ ದೊರೆಯುತ್ತದೆ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಬೆಂಗಳೂರಿನ ಅಂಚಿನ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಿಗೆ ಅಂತಹ ವಿಧಿಯಿಲ್ಲ. ಅವರ ಬದಲಾವಣೆ ಮೆಲ್ಲಮೆಲ್ಲನೆ ಸಾಗುತ್ತದೆ. ಮೊದಲು ಕೂದಲು ನೀಳವಾಗುತ್ತದೆ, ಕಿವಿಗೆ ಓಲೆ ಬರುತ್ತದೆ. ರಜೆಯ ದಿನ ಚೂಡಿದಾರ, ಕೆಲಸದ ದಿನ ಶರ್ಟು ಎಂಬ ಇಬ್ಬಗೆಯ ಬಾಳು ಕೆಲಕಾಲ ನಡೆಯುತ್ತದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಹಾರ್ಮೋನ್ ಚಿಕಿತ್ಸೆ ಪಡೆದರೂ ಮೈಕಟ್ಟು ಬದಲಾಗಲು ಎರಡು ಮೂರು ವರ್ಷ ಬೇಕಾಗಬಹುದು. ಈಸ್ಟ್ರೋಜನ್ ಹರೆಯದಲ್ಲಿ ಒಡೆದ ಕಂಠವನ್ನು ಮರಳಿ ತೆಳುವಾಗಿಸದು, ಬೆಳೆದ ಗಡ್ಡವನ್ನು ಅಳಿಸದು. ಹೆಣ್ಣೆಂದು ಬೆಳೆಸಲ್ಪಟ್ಟು ಗಂಡಾಗಿ ಬಾಳಬಯಸುವವರಲ್ಲಿ ಟೆಸ್ಟೋಸ್ಟಿರೋನ್ ಧ್ವನಿಯನ್ನು ತಗ್ಗಿಸುತ್ತದೆ. ಗಡ್ಡ ತುಂಬಲು ನಾಲ್ಕೈದು ವರ್ಷ ಹಿಡಿಯಬಹುದು. ಔಷಧ, ಶಸ್ತ್ರಚಿಕಿತ್ಸೆ ಎರಡನ್ನೂ ಬಯಸದವರೂ ಇದ್ದಾರೆ.

ಈ ನಡುಗಾಲವೇ ಕಠಿಣವಾದುದು. ಕೊರಳಲ್ಲಿ ತೂಗುವ ಐಡಿ ಕಾರ್ಡಿನಲ್ಲಿ ಹಳೆಯ ಹೆಸರು, ಹಳೆಯ ಭಾವಚಿತ್ರ. ಮೆಟ್ರೋ ನಿಲ್ದಾಣದಲ್ಲಿ ಮೈತಪಾಸಣೆಗೆ ಗಂಡಸರಿಗೊಂದು, ಹೆಂಗಸರಿಗೊಂದು ಸಾಲು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣದಲ್ಲಿ ಸರ್ಕಾರವು ಮಹಿಳೆಯರೊಡನೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿತು. ಆದರೂ ತುಂಬಿದ ಬಸ್ಸಿನಲ್ಲಿ ಟಿಕೆಟ್ಟಿಗೆ ಕೈಚಾಚಿದಾಗ ಸುತ್ತಲಿನ ಕಣ್ಣುಗಳೆಲ್ಲ ಮುಖದ ಮೇಲೆಯೇ. ನಿನ್ನೆಯವರೆಗೆ ‘ಅಣ್ಣಾ’ ಎನ್ನುತ್ತಿದ್ದ ಅಂಗಡಿಯವರು ಇಂದು ತಡವರಿಸುತ್ತಾರೆ. ಅವರ ಬಾಯಲ್ಲಿ ‘ಅಕ್ಕಾ’ ಎಂಬ ಮಾತು ಹೊರಡಲು ತಿಂಗಳುಗಳೇ ಬೇಕಾಗುತ್ತವೆ. ಆ ಒಂದು ಕರೆಯಿಂದ ಇಡೀ ದಿನ ಹಗುರವಾಗುತ್ತದೆ.

ಈಗ ಹಿರಿಯರ ಪ್ರಶ್ನೆಗೆ ಮರಳಬಹುದು. ಗಂಡೆಂದು ಹುಟ್ಟಿ ಗಂಡಾಗಿಯೇ ಬಾಳುವವರು ನಿತ್ಯವೂ ಮೀಸೆ ತಿದ್ದಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಬಳೆ ತೊಡುತ್ತಾರೆ, ಹೂ ಮುಡಿಯುತ್ತಾರೆ. ಆತ್ಮಕ್ಕೆ ಭೇದವಿಲ್ಲವಲ್ಲ, ಇದೆಲ್ಲ ಏಕೆಂದು ಅವರನ್ನು ಯಾರೂ ಕೇಳುವುದಿಲ್ಲ. ಒಬ್ಬರಿಗೆ ಮಾತ್ರ ಆತ್ಮದ ಉಪದೇಶ, ಉಳಿದವರಿಗೆಲ್ಲ ದೇಹದ ಸ್ವಾತಂತ್ರ್ಯ ಎಂಬುದು ನ್ಯಾಯವಲ್ಲ. ದಾಸಿಮಯ್ಯನವರು ಇಂದಿನ ಲಿಂಗಪರಿವರ್ತನೆಯನ್ನು ಕುರಿತು ನುಡಿದರೆಂದರೆ ಅತಿಯಾದೀತು. ಆದರೆ ಅವರ ಮಾತಿನ ಮೊನೆಯಿರುವುದು ಕುರುಹು ನೋಡಿ ಹೆಸರಿಡುವ ಲೋಕದ ಕಡೆಗೆ. ಕುರುಹು ಹಗುರವೆಂದು ಒಪ್ಪುವವರು ಮೊದಲು ತಮ್ಮ ಪಟ್ಟನ್ನು ಸಡಿಲಿಸಬೇಕು. 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕು ವ್ಯಕ್ತಿಗಿದೆ, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಸಲ್ಲದು ಎಂದಿತು. ಪರಿವರ್ತನೆ ಪೂರ್ಣವಾಗಲಿ, ಆಮೇಲೆ ಗೌರವಿಸೋಣ ಎಂದು ಕಾಯುವುದು ಗೌರವವಲ್ಲ.

ಇದಕ್ಕೆ ಬೇಕಾದ ಸಾಧನ ಕನ್ನಡದಲ್ಲಿಯೇ ಇದೆ. ‘ಬಂದನು’, ‘ಬಂದಳು’ ಎಂಬಲ್ಲಿ ಭೇದವುಂಟು. ‘ಬಂದರು’ ಎಂಬಲ್ಲಿ ಇಲ್ಲ. ಅಣ್ಣನೋ ಅಕ್ಕನೋ ಎಂದು ತಿಳಿಯದಾಗ ‘ನೀವು’, ‘ಅವರು’ ಎಂದರೆ ಸಾಕು. ತಿಳಿಸಿದ ಮೇಲೆ ಅವರು ಬಯಸಿದ ಹೆಸರಿನಿಂದಲೇ ಕರೆದರೆ ಆಯಿತು. ಎದುರಿನವರನ್ನು ಗೌರವದಿಂದ ಕರೆಯುವ ನುಡಿಯಲ್ಲಿಯೇ ಸ್ವರ್ಗವನ್ನು ಕಂಡವರು ಬಸವಣ್ಣನವರು. ಆ ಸ್ವರ್ಗ ಮನೆಯ ಹೊಸ್ತಿಲಲ್ಲಿ, ಮಗಳು ಕೆಲಸ ಮುಗಿಸಿ ಬಂದು ಚಪ್ಪಲಿ ಕಳಚುವಲ್ಲಿ ಮೊದಲು ದೊರೆಯಲಿ.