ಮಂದ್ರದ ಪೆಟ್ಟಿಗೆ

ನಮ್ಮ ಅಕ್ಕನ ಮಗ ವಾದ್ಯಗೋಷ್ಠಿಯೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಮದುವೆಯ ಆರತಕ್ಷತೆ, ಗಣೇಶನ ಪೆಂಡಾಲು, ಬಡಾವಣೆಯ ರಾಜ್ಯೋತ್ಸವ, ಹೀಗೆ ಕರೆದಲ್ಲಿಗೆ ಹೋಗುತ್ತಾನೆ. ಕಳೆದ ವರ್ಷ ಒಂದು ಆರತಕ್ಷತೆಯಲ್ಲಿ, ಉಡುಗೊರೆ ಹಿಡಿದ ಜನ ಸಾಲುಗಟ್ಟಿ ನಿಂತಿದ್ದಾಗ, ಅವನ ಪುಟ್ಟ ಆಂಪ್ಲಿಫೈಯರು ಹರಿದ ಮೊರದಂತೆ ಬರಬರ ಸದ್ದುಮಾಡಿ ಸುಮ್ಮನಾಯಿತು. ಮನೆಯಲ್ಲಿ ಅಭ್ಯಾಸ ಮಾಡಲೆಂದು ತಯಾರಾದ ೩೦ ವ್ಯಾಟಿನ ಯಂತ್ರವದು. ಡ್ರಮ್ಸಿನ ಪಕ್ಕದಲ್ಲಿಟ್ಟು ಪೂರ್ತಿ ತಿರುಗಿಸಿದರೆ ಇನ್ನೇನಾದೀತು? ಗೋಷ್ಠಿಯ ಯಜಮಾನರು ಒಳ್ಳೆಯವರೇ. ಆದರೂ, "ಸರಿಯಾದ ಪೆಟ್ಟಿಗೆ ತರುವವರೆಗೆ ಬೇರೆಯವರನ್ನು ಕರೆದುಕೊಳ್ಳುತ್ತೇನಪ್ಪ" ಎಂದುಬಿಟ್ಟರು.

ಅಕ್ಕ ಚೀಟಿ ಎತ್ತಿದಳು. ಹಣವನ್ನು ಮಗನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟಳು. ನನ್ನ ಸಂಗೀತಜ್ಞಾನವನ್ನು ಮೆಚ್ಚಿ ಅಲ್ಲ, ಜಿಪುಣತನವನ್ನು ನಂಬಿ.

ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ್ದಕ್ಕೆ ಕಾಂಬೋ ಎಂದು ಹೆಸರು. ಬೇಸ್ ಗಿಟಾರಿನ ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ; ತಂಬೂರಿಯ ಮಂದ್ರ ತಂತಿಗಿಂತಲೂ ಕೆಳಗಿನ ಸ್ವರ. ಇಷ್ಟು ತಗ್ಗಿನ ಸ್ವರಕ್ಕೆ ನಮ್ಮ ಕಿವಿ ಮಂದ. ಅದನ್ನು ಕೇಳಿಸಬೇಕಾದರೆ ಸ್ಪೀಕರು ಬಹಳಷ್ಟು ಗಾಳಿಯನ್ನು ನೂಕಬೇಕು. ಆದ್ದರಿಂದಲೇ ಮಾಮೂಲು ಗಿಟಾರಿನವನಿಗೆ ೩೦ ವ್ಯಾಟು ಸಾಕಾಗುವಲ್ಲಿ ಬೇಸಿನವನು ೨೦೦, ೩೦೦ ಎಂದು ಕೇಳುವುದು. ಅದು ದುರಾಸೆಯಲ್ಲ.

ಹಾಗೆಂದು ಅಂಕಿಗಳಿಗೆ ಮರುಳಾಗಬಾರದು. ಅಂಗಡಿಯಲ್ಲಿ ನಮಗೆ ಮೊದಲು ತೋರಿಸಿದ್ದೇ ಅಂಕಿಗಳನ್ನು. ವ್ಯಾಟನ್ನು ಇಮ್ಮಡಿಸಿದರೆ ಶಬ್ದ ಇಮ್ಮಡಿಯಾಗುವುದಿಲ್ಲ. ಮೂರು ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ೩೦೦ಕ್ಕೂ ೩೫೦ಕ್ಕೂ ಇರುವ ವ್ಯತ್ಯಾಸ ಕೊಳ್ಳುವವನ ಜೇಬಿಗೆ ತಿಳಿದೀತು, ಕೇಳುವವನ ಕಿವಿಗೆ ತಿಳಿಯದು. ಇನ್ನೊಂದು ಸೂಕ್ಷ್ಮವೂ ಉಂಟು. ಫೆಂಡರ್ ಸಂಸ್ಥೆಯ ರಂಬಲ್ ೫೦೦ ಎಂಬ ಕಾಂಬೋ ತನ್ನೊಳಗಿನ ಸ್ಪೀಕರುಗಳಿಗೆ ಕೊಡುವುದು ೩೫೦ ವ್ಯಾಟು. ಹೊರಗೆ ಮತ್ತೊಂದು ಸ್ಪೀಕರು ಪೆಟ್ಟಿಗೆಯನ್ನು ಜೋಡಿಸಿ ೮ ಓಮು ೪ ಆದಾಗಲೇ ೫೦೦. ಸಂಸ್ಥೆಯೇನೂ ಇದನ್ನು ಮುಚ್ಚಿಟ್ಟಿಲ್ಲ, ವಿವರಪತ್ರದಲ್ಲಿಯೇ ಬರೆದಿದೆ. ಓದದಿರುವುದು ನಮ್ಮ ತಪ್ಪು. ಬೇರೆ ಅನೇಕ ಕಾಂಬೋಗಳ ಲೆಕ್ಕವೂ ಹೀಗೆಯೇ.

ನನ್ನ ಅಳಿಯನಿಗೆ ೧೫ ಅಂಗುಲದ ಸ್ಪೀಕರಿನ ಮೇಲೆ ಮೋಹ. ಸ್ಪೀಕರು ದೊಡ್ಡದಾದಷ್ಟೂ ಸ್ವರ ಆಳವೆಂದು ಅವನ ನಂಬಿಕೆ. ನಿಜಕ್ಕೂ ಆಳವು ಪೆಟ್ಟಿಗೆಯನ್ನೂ ಅವಲಂಬಿಸಿದೆ. ಪೆಟ್ಟಿಗೆ ಚಿಕ್ಕದಿರಬೇಕು, ಸ್ವರ ಆಳವಿರಬೇಕು, ಶಬ್ದ ಜೋರಿರಬೇಕು: ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು. ಚೆನ್ನಾಗಿ ಮಾಡಿದ ೧೨ ಅಂಗುಲದ ಒಂದು, ಇಲ್ಲವೇ ೧೦ ಅಂಗುಲದ ಎರಡು ಸ್ಪೀಕರು ನೂರಿನ್ನೂರು ಜನರ ಸಭೆಗೆ ಧಾರಾಳ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಸಣ್ಣ ಕ್ಲಬ್ಬುಗಳಿಗೆ ಆಂಪೆಗ್ ಬಿ-೧೫ ಎಂಬ ಯಂತ್ರವನ್ನು ಒಯ್ಯುತ್ತಿದ್ದರಂತೆ. ೧೯೬೦ರಲ್ಲಿ ಹೊರಬಂದ ಅದರ ಶಕ್ತಿ ೩೦ ವ್ಯಾಟಿನ ಆಸುಪಾಸು. ಆದರೆ ಪೆಟ್ಟಿಗೆ ದೊಡ್ಡದು, ಸ್ಪೀಕರು ದೊಡ್ಡದು. ಧ್ವನಿಮುದ್ರಣ ಮಂದಿರದಲ್ಲಿ ಅವರ ಗಿಟಾರಿನ ತಂತಿ ಸಾಮಾನ್ಯವಾಗಿ ನೇರವಾಗಿ ಮುದ್ರಣಯಂತ್ರಕ್ಕೇ ಹೋಗುತ್ತಿತ್ತು. ನಮಗೂ ಇದೇ ದಾರಿ. ಸಭೆ ದೊಡ್ಡದಾದರೆ ಕಾಂಬೋದ ಹಿಂಬದಿಯಿಂದ ಒಂದು ತಂತಿಯನ್ನು ಮೈಕಿನವರ ಯಂತ್ರಕ್ಕೆ ಕೊಟ್ಟರಾಯಿತು. ಆ ಕಿಂಡಿ ಇಲ್ಲದ ಕಾಂಬೋವನ್ನು ಮಾತ್ರ ಕೊಳ್ಳಬೇಡಿ.

ತೂಕದ ಮಾತನ್ನು ಹುಡುಗರು ಯೋಚಿಸುವುದೇ ಇಲ್ಲ. ಕಲ್ಯಾಣ ಮಂಟಪದಲ್ಲಿ ಲಿಫ್ಟು ಕೆಟ್ಟಿರುವುದು ವಾಡಿಕೆ, ರಾತ್ರಿ ಹನ್ನೊಂದಕ್ಕೆ ಇಳಿಸುವಾಗ ಆಳುಗಳು ಸಿಗದಿರುವುದೂ ವಾಡಿಕೆ. ಹಿಂದಿನ ದೊಡ್ಡ ಕಾಂಬೋಗಳು ೩೦ ಕಿಲೋ ಮೀರುತ್ತಿದ್ದವು. ಈಗ ನಿಯೋಡಿಮಿಯಮ್ ಅಯಸ್ಕಾಂತವೂ ಡಿ ವರ್ಗದ ಸರ್ಕೀಟೂ ಬಂದು, ೧೫ ಕಿಲೋದ ಆಚೀಚೆ ಒಳ್ಳೆಯವು ದೊರೆಯುತ್ತವೆ. ಅಂಗಡಿಯಲ್ಲಿಯೇ ಎತ್ತಿಕೊಂಡು ಒಂದು ಸುತ್ತು ನಡೆಯಲು ಹೇಳಿದೆ. ೧೫ ಅಂಗುಲದ ಮೋಹ ಅಲ್ಲಿಗೆ ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ನುಡಿಸಿ ನೋಡಿದಾಗ. ತನ್ನದೇ ಗಿಟಾರನ್ನು ಒಯ್ದಿದ್ದ. ಒಂಟಿಯಾಗಿ ನುಡಿಸುವಾಗ ಬೇಸ್ ಗುಂಡಿಯನ್ನು ಏರಿಸಿದರೆ ಎದೆ ತುಂಬುತ್ತದೆ. ಡ್ರಮ್ಸು, ಕೀಬೋರ್ಡು ಕೂಡಿದ ಮೇಲೆ ಅದೇ ಸ್ವರ ಕೆಸರಾಗಿ ಎಲ್ಲೋ ಮುಳುಗುತ್ತದೆ. ಗುಂಪಿನಲ್ಲಿ ಬೇಸು ಕೇಳಿಸುವುದು ಮಧ್ಯದ ಸ್ವರಾಂಶಗಳಿಂದ. ಅದಕ್ಕೆಂದು ಪ್ರತ್ಯೇಕ ಗುಂಡಿ ಇರುವುದನ್ನೇ ಆರಿಸಿದೆವು. ಬರಿಗೋಡೆಯ ಮಂಟಪದಲ್ಲಿ ಪೆಟ್ಟಿಗೆಯನ್ನು ಮೂಲೆಗೆ ಒತ್ತಿ ಇಡಬಾರದು, ಗುಂಯ್‌ಗುಡುತ್ತದೆ. ಟೊಳ್ಳು ಹಲಗೆಯ ವೇದಿಕೆಯಾದರೆ ಗಟ್ಟಿಯಾದ ಕುರ್ಚಿಯ ಮೇಲಿಡುವುದು ಲೇಸು.

೧೦ ಅಂಗುಲದ ಎರಡು ಸ್ಪೀಕರಿನದನ್ನು ಕೊಂಡೆವು. ಚೀಟಿ ಹಣದಲ್ಲಿ ಒಂದು ಹೊದಿಕೆಗೂ ಎರಡು ತಂತಿಗಳಿಗೂ ಉಳಿಯಿತು. ಗಣೇಶನ ಹಬ್ಬಕ್ಕೆ ಯಜಮಾನರು ಮತ್ತೆ ಕರೆದರು. ಮೊದಲ ಹಾಡು ಮುಗಿಯುತ್ತಲೇ ತಿರುಗಿ, "ಸ್ವಲ್ಪ ತಗ್ಗಿಸಪ್ಪ" ಎಂದರಂತೆ. ಚೀಟಿಯ ಕಂತು ಇನ್ನೂ ಏಳು ಬಾಕಿ ಇವೆ. ಕಟ್ಟುತ್ತಿರುವವನು ಹುಡುಗನೇ.